ತೂಗದೆ ಬರೆದ ಮೂರು ದಿನ

ಭೋಜ ಹೊಳೆಪಾಲಾದ ಮೇಲೆ ಒಂದು ತಿಂಗಳ ತನಕ ಶ್ರೀಲತಾಳಿಗೆ ಏನೂ ಕೇಳಿಸಲಿಲ್ಲ. ಕೇಳಿಸಲು ಶುರುವಾದದ್ದು ಆಗಸ್ಟ್ ಕೊನೆಗೆ, ಮಳೆ ಸ್ವಲ್ಪ ಬಿಟ್ಟ ಮೇಲೆ.

ಅವತ್ತು ಬೆಳಿಗ್ಗೆ ಏಳಕ್ಕೆ ಅವಳು ಲ್ಯಾಬಿನ ಬಾಗಿಲು ತೆಗೆದು, ಓವನ್ನಿನ ಸ್ವಿಚ್ ಹಾಕಿ, ಕೈ ತೊಳೆಯುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ತುಂಬಿದ ಕ್ಯಾನು ಇಟ್ಟ ಸದ್ದಾಯಿತು. ಕ್ಯಾನು ಕಲ್ಲಿಗೆ ತಾಗಿ, ಒಳಗಿನ ನೀರು ಒಮ್ಮೆ ತುಳುಕಿ ಸುಮ್ಮನಾಗುವ ಸದ್ದು. ನಾಲ್ಕು ವರ್ಷ ದಿನಾ ಕೇಳಿದ್ದು. ಅದರ ಹಿಂದೆಯೇ "ಹ್ವಾಯ್ ಅಕ್ಕ, ನೀರ್ ಬಂತ್" ಎನ್ನುವ ದನಿ ಬರಬೇಕು. ಅದು ಬರಲಿಲ್ಲ. ಆಗ ಅವಳಿಗೆ, ಆ ದನಿಯ ಮನುಷ್ಯ ಸತ್ತು ಮೂವತ್ತೆಂಟು ದಿನವಾಯಿತು ಎಂಬುದು ನೆನಪಾಯಿತು. ಒದ್ದೆ ಕೈಯಲ್ಲೇ ಹೊರಗೆ ಬಂದು ನೋಡಿದಳು. ಯಾರೂ ಇರಲಿಲ್ಲ. ಮೇಲಿನ ಮೆಟ್ಟಿಲ ಕಲ್ಲಿನ ಮೇಲೆ ಕ್ಯಾನಿನ ತಳದಷ್ಟೇ ಅಗಲದ ಒದ್ದೆ ಗುರುತಿತ್ತು. ಮೆಟ್ಟಿಲಿಗೆ ಮಾಡು ಇದೆ, ಅಲ್ಲಿಗೆ ಮಳೆ ಬೀಳುವುದಿಲ್ಲ.

ದಿನಾ ಬೆಳಿಗ್ಗೆ ಹೊಳೆಯಿಂದ ಹಗ್ಗದಲ್ಲಿ ಪರೀಕ್ಷೆಯ ನೀರು ಎತ್ತಿ ತರುತ್ತಿದ್ದ ಭೋಜನ ಜಾಗಕ್ಕೆ ಬಂದ ದೇವು ಕ್ಯಾನು ಹಿಡಿದು ಬಂದದ್ದು ಅದಾಗಿ ಕಾಲು ಗಂಟೆಯ ನಂತರ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕ್ಯಾನು ಕೆಳಗಿಡುವ ಮೊದಲು ಅವನೂ ಆ ಒದ್ದೆಯನ್ನು ಒಮ್ಮೆ ನೋಡಿದ. ಕ್ಯಾನನ್ನು ಅದರ ಪಕ್ಕಕ್ಕೆ ಇಟ್ಟು ಹೋದ.

ಆ ನೀರಿನ ಘಟಕ ಇರುವುದು ಬಸ್ರೂರಿನಿಂದ ಮೇಲೆ, ಉಪ್ಪುನೀರು ಏರಿ ಬಾರದ ಕಡೆ, ಹೊಳೆ ತಿರುಗುವಲ್ಲಿ. ಹೊಳೆಯ ನಡುವೆ ಬಾವಿಯಂಥದೊಂದು ಗೋಪುರ, ಅದರೊಳಗೆ ಪಂಪು. ದಂಡೆಯಿಂದ ಅಲ್ಲಿಗೆ ಹೋಗಲು ನಾಲ್ಕು ಕಂಬಗಳ ಮೇಲೆ ನಿಂತ ಕಾಲುಸೇತುವೆ, ಊರವರ ಬಾಯಲ್ಲಿ ಸಂಕ. ಪಂಪು ಎತ್ತಿದ ನೀರಿಗೆ ಆಲಂ ಬೆರೆಸಿ ಮಣ್ಣು ತಳಕ್ಕೆ ಕೂರಿಸುತ್ತಾರೆ. ಆಮೇಲೆ ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಹದಿನಾರು ಊರಿನ ನಲ್ಲಿಗಳಿಗೆ ಬಿಡುತ್ತಾರೆ. ಶ್ರೀಲತಾ ಅಲ್ಲಿನ ಕೆಮಿಸ್ಟ್. ಮರವಂತೆಯವಳು, ಮೀನುಗಾರರ ಮನೆಯ ಹುಡುಗಿ. ಅಪ್ಪ ತೀರಿಹೋಗಿ ಹತ್ತು ವರ್ಷವಾಗಿತ್ತು. ತಾಯಿ ಪುಷ್ಪಳ ಜೊತೆ ಕಡಲಿಗೂ ಹೊಳೆಗೂ ನಡುವಿನ ಪಟ್ಟಿಯಲ್ಲಿದ್ದ ಮನೆಯಿಂದ ದಿನಾ ಬೆಳಿಗ್ಗೆ ಐದೂಮುಕ್ಕಾಲಿಗೆ ಸ್ಕೂಟಿ ಹತ್ತಿ ಹೊರಡುತ್ತಿದ್ದಳು.

ಹೊಳೆ ಎಷ್ಟು ಮಣ್ಣು ಹೊತ್ತು ಬರುತ್ತಿದೆ ಎಂದು ತಿಳಿಯಲು ಅಲ್ಲಿ ಎರಡು ದಾರಿ. ಒಂದು ಬೆಳಕಿನದು. ಚಿಕ್ಕ ಗಾಜಿನ ಕೊಳವೆಗೆ ನೀರು ತುಂಬಿ ಮೀಟರಿನೊಳಗೆ ಇಟ್ಟರೆ, ಅದು ನೀರಿಗೆ ಬೆಳಕು ಹಾಯಿಸಿ, ಕದಡಿನ ಕಣಗಳಿಗೆ ತಾಗಿ ಎಷ್ಟು ಬೆಳಕು ಅಡ್ಡಕ್ಕೆ ಚೆದುರಿತು ಎಂದು ಅರ್ಧ ನಿಮಿಷದಲ್ಲಿ ಒಂದು ಅಂಕಿ ಕೊಡುತ್ತದೆ. ಅದೇ ಟರ್ಬಿಡಿಟಿ. ಇನ್ನೊಂದು ತೂಕದ್ದು. ಒಂದು ಲೀಟರ್ ನೀರನ್ನು ತೆಳ್ಳನೆಯ ದುಂಡು ಕಾಗದದಲ್ಲಿ ಸೋಸಿ, ಕಾಗದವನ್ನು ಓವನ್ನಿನಲ್ಲಿ ಒಣಗಿಸಿ, ತಣಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ಅದಕ್ಕೆ ಏನಿಲ್ಲವೆಂದರೂ ಮೂರು ತಾಸು ಬೇಕು.

ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಶ್ರೀಲತಾ ಅರವತ್ತು ದಿನ ಎರಡನ್ನೂ ಮಾಡಿ, ಒಂದರೆದುರು ಒಂದಿಟ್ಟು ಗ್ರಾಫ್ ಎಳೆದಿದ್ದಳು. ಚುಕ್ಕಿಗಳು ಒಂದು ಗೆರೆಯ ಆಚೀಚೆ ಹೆಚ್ಚು ಕದಲದೆ ಕೂತಿದ್ದವು. ಮೀಟರು ಅರವತ್ತು ಅಂದರೆ ತೂಕ ಅರವತ್ತಾರು ಮಿಲಿಗ್ರಾಂ, ನೂರು ಅಂದರೆ ನೂರಹತ್ತು. ಘಟಕದ ಎಂಜಿನಿಯರ್ ಉಮಾನಾಥ ಅದನ್ನು ಕಂಡು ಬಹಳ ಸಂತೋಷಪಟ್ಟರು. ಇನ್ನು ದಿನಾ ತೂಗುವ ತಾಪತ್ರಯವಿಲ್ಲ, ಮೀಟರು ನೋಡಿ ತೂಕ ಬರೆದರಾಯಿತು ಎಂದು ಗ್ರಾಫಿಗೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಹಚ್ಚಿಸಿದರು. ಗೆರೆ ನಿಲ್ಲುವುದು ಹೊಳೆಯ ಮಣ್ಣು ಅದೇ ಮಣ್ಣಾಗಿರುವ ತನಕ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ನುಣ್ಣನೆಯ ಜೇಡಿ ಬೆಳಕನ್ನು ಬಹಳ ಚೆದುರಿಸುತ್ತದೆ, ತೂಕ ಕಡಿಮೆ. ಮರಳು ತೂಕಕ್ಕೆ ಭಾರ, ಬೆಳಕಿಗೆ ಹೆಚ್ಚುಕಮ್ಮಿ ಇಲ್ಲದ ಹಾಗೆ. ಅದೂ ಅಲ್ಲದೆ ಕೊಳವೆಯ ತಳಕ್ಕೆ ಕೂತುಬಿಟ್ಟರೆ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಗ್ರಾಫಿನ ಕೆಳಗೆ ಅವಳು ಸಣ್ಣ ಅಕ್ಷರದಲ್ಲಿ ಬರೆದಿದ್ದಳು: ಮಳೆಗಾಲದಲ್ಲಿ ದಿನಾ ತೂಗಿ ನೋಡತಕ್ಕದ್ದು.

ಮೂರು ವರ್ಷ ಹಾಗೆಯೇ ಮಾಡಿದಳು. ನಾಲ್ಕನೆಯ ವರ್ಷದ ಜುಲೈನಲ್ಲಿ ಪುಷ್ಪಳಿಗೆ ಜ್ವರ ಬಂದು ಕುಂದಾಪುರದ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಶ್ರೀಲತಾ ಬೆಳಿಗ್ಗೆ ಬಂದು, ಮೀಟರು ನೋಡಿ, ಆಲಂ ಎಷ್ಟು ಹಾಕಬೇಕೆಂದು ಹೇಳಿ, ಒಂಬತ್ತಕ್ಕೆಲ್ಲ ಆಸ್ಪತ್ರೆಗೆ ಓಡುತ್ತಿದ್ದಳು. ತೂಗಲು ಹೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ ತೂಕದ ಸಾಲು ಖಾಲಿ ಬಿಡುವ ಹಾಗಿರಲಿಲ್ಲ. ಗೋಡೆಯ ಗೆರೆ ನೋಡಿ ಬರೆದಳು. ಮೀಟರು ಅರವತ್ತೆರಡು, ತೂಕ ಅರವತ್ತೆಂಟು. ಮರುದಿನ ಮೀಟರು ಐವತ್ತೊಂಬತ್ತು, ಅದರ ಮರುದಿನ ಅರವತ್ತೊಂದು. ಮಳೆಗಾಲಕ್ಕೆ ಅದು ಏನೂ ಅಲ್ಲ.

ಆ ಮೊದಲ ದಿನವೇ ಭೋಜ ಕ್ಯಾನು ಇಟ್ಟವನು ಹೋಗದೆ ನಿಂತಿದ್ದ.

"ಅಕ್ಕ, ನೀರ್ ಭಾರ ಇತ್ತ್ ಇವತ್ತ್" ಅಂದ.

"ಭಾರ ಅಂದ್ರ್ ಎಂತ? ಐದ್ ಲೀಟ್ರ್ ಯಾವತ್ತೂ ಐದ್ ಲೀಟ್ರೇ ಅಲ್ದಾ ಭೋಜಣ್ಣ."

"ಅದ್ ನಂಗೊತ್ತಿಲ್ಲೆ. ಹಗ್ಗ ಎಳ್ಯೂಕಾರೇ ಕೈಯಂಗ್ ಗೊತ್ತಾತ್ತ್. ಹೊಳಿ ಅಡಿ ಮಗ್ಚೂಕ್ ಶುರು ಮಾಡಿತ್. ಒಂಚೂರ್ ಕ್ಯಾನಿಗ್ ಕಿವಿ ಕೊಟ್ಟ್ ಕಾಣಿ."

ಭೋಜ ಹರೆಯದಲ್ಲಿ ಹದಿನೈದು ವರ್ಷ ಇದೇ ಹೊಳೆಯಲ್ಲಿ ದೋಣಿ ಕಟ್ಟಿ, ಮುಳುಗಿ ಮುಳುಗಿ ಹೊಯ್ಗೆ ತೆಗೆದವನು. ಹೊಯ್ಗೆ ಎಂದರೆ ಹೊಳೆಯ ಮರಳು. ಅವನ ಕೈ ಸುಳ್ಳು ಹೇಳುವ ಕೈಯಲ್ಲ. ಶ್ರೀಲತಾ ಅವತ್ತು ಗಡಿಯಾರ ನೋಡಿಕೊಂಡು ನಕ್ಕಳು.

"ನಿಮ್ಗ್ ವಯಸ್ಸಾಯ್ತ್, ಕೈ ಸೋಲ್ತಾ ಇತ್ತ್, ಅಷ್ಟೇ" ಅಂದಳು.

ಅವನೂ ನಕ್ಕ. ಎರಡನೆಯ ದಿನ ಅದೇ ಮಾತು ಮತ್ತೊಮ್ಮೆ ಹೇಳಿದ. ಮೂರನೆಯ ದಿನ ಹೇಳಲಿಲ್ಲ, ಕ್ಯಾನು ಇಟ್ಟು ಅವಳ ಮುಖ ನೋಡಿ ಹೋದ. ನಾಲ್ಕನೆಯ ಬೆಳಿಗ್ಗೆ ಪಂಪಿನ ಜಾಲರಿಗೆ ಸಿಕ್ಕಿದ ಕಸ ತೆಗೆಯಲು ಸೇತುವೆಯ ಮೇಲೆ ಹೋದಾಗ, ದಂಡೆಯಿಂದ ಮೂರನೆಯ ಕಂಬ ನಿಂತ ನಿಲುವಿನಲ್ಲೇ ಕೆಳಗಿಳಿದು ಹೋಯಿತು. ನೋಡಿದವರು ಹಾಗೇ ಹೇಳಿದರು. ಬೀಳಲಿಲ್ಲ, ಮುರಿಯಲಿಲ್ಲ, ಇಳಿಯಿತು. ಭೋಜ ಸಿಕ್ಕಿದ್ದು ಮೂರನೆಯ ದಿನ, ಬಸ್ರೂರಿನಿಂದ ಕೆಳಗೆ, ಹೊಳೆ ನಡುವಿನ ನಡುಗಡ್ಡೆಯಾದ ಒಂದು ಕುದ್ರುವಿನ ಬದಿಯಲ್ಲಿ, ನೀರಲ್ಲೇ ಬೆಳೆಯುವ ಕಾಂಡ್ಲ ಗಿಡದ ಬೇರುಗಳ ನಡುವೆ.

ತನಿಖೆಗೆಂದು ಇಬ್ಬರು ಅಧಿಕಾರಿಗಳು ಬಂದರು. ಹೊಳೆ ಏನಾದರೂ ಸೂಚನೆ ಕೊಟ್ಟಿತ್ತೇ ಎಂದು ನೋಡಲು ಲ್ಯಾಬಿನ ರಿಜಿಸ್ಟರ್ ತರಿಸಿದರು. ಅವರಲ್ಲಿ ಹಿರಿಯರು ಆ ಮೂರು ದಿನದ ಸಾಲಿನ ಮೇಲೆ ಪೆನ್ನಿಟ್ಟು ಕೇಳಿದರು.

"ಇದು ತೂಗಿ ಬರೆದದ್ದೇ ಅಲ್ಲವಾ ಮೇಡಂ?"

ಶ್ರೀಲತಾಳ ತಾಯಿ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಉಮಾನಾಥ ಪಕ್ಕದಲ್ಲೇ ನಿಂತಿದ್ದರು. ಶ್ರೀಲತಾ "ಹೌದು" ಅಂದಳು.

ನೀರಿನಲ್ಲಿ ಮಣ್ಣು ಮಾಮೂಲಿನಷ್ಟೇ ಇತ್ತು, ಕಂಬದ ಬುಡ ಕೊರೆಯುತ್ತಿದ್ದ ಲಕ್ಷಣವಿರಲಿಲ್ಲ, ನೆರೆ ಇರುವಾಗ ಸೇತುವೆಗೆ ಹೋಗಬಾರದೆಂಬ ಸೂಚನೆಯನ್ನು ಮೀರಿದ್ದು ಮೃತನ ಅಜಾಗರೂಕತೆ ಎಂದು ವರದಿಯಾಯಿತು.

ಆ ಸದ್ದು ಮೊದಲು ವಾರಕ್ಕೊಮ್ಮೆ ಬರುತ್ತಿತ್ತು, ದೀಪಾವಳಿಯ ಹೊತ್ತಿಗೆ ದಿನಾ. ಬಿಸಿಲು ಬಿದ್ದ ಬೆಳಿಗ್ಗೆಗಳಲ್ಲಿ, ಹಕ್ಕಿ ಕೂಗುತ್ತಿರುವಾಗ, ಏಳು ಗಂಟೆಗೆ. ಒಮ್ಮೆ ಬಾಗಿಲಲ್ಲೇ ನಿಂತು ಮೆಟ್ಟಿಲನ್ನು ನೋಡುತ್ತಾ ಕಾದಳು. ನೋಡುತ್ತಿರುವಾಗ ಸದ್ದು ಬರಲಿಲ್ಲ. ಫೋನು ರಿಂಗಾಯಿತೆಂದು ತಿರುಗಿದಾಗ ಹಿಂದಿನಿಂದ ಬಂತು. ಮತ್ತೆ ತಿರುಗುವಷ್ಟರಲ್ಲಿ ಕಲ್ಲು ಒದ್ದೆಯಾಗಿತ್ತು.

ಒಂದು ದಿನ ದೇವುವನ್ನು ಕೇಳಿದಳು. "ದೇವಣ್ಣ, ಮೆಟ್ಲ ಮೇಲ್ ಒದ್ದೆ ಇರತ್ತಲ್ಲ, ಅದ್ ಎಂತ?"

ದೇವು ಹೊಳೆಯ ಕಡೆ ನೋಡಿದ. "ನಾ ಬಂದಲ್ಲಿಂದ ಇತ್ತ್ ಅದ್. ನೀವೇ ಕೇಣ್ತ್ರಿ ಅಂತ ಕಾಯ್ತಿದ್ದೆ" ಅಂದ. "ಅದ್ರ್ ಮೇಲ್ ನಾ ಕ್ಯಾನ್ ಇಡುದಿಲ್ಲೆ."

ಮನೆಯಲ್ಲಿ ಇನ್ನೊಂದು ಶುರುವಾಯಿತು. ಬಾವಿಯಿಂದ ಕೊಡ ಎಳೆಯುವಾಗ, ಸ್ನಾನಕ್ಕೆ ಬಕೆಟ್ ಎತ್ತುವಾಗ, ಕೊನೆಗೆ ಕುಡಿಯುವ ಲೋಟ ಹಿಡಿದರೂ ಕೈ ಕೆಳಗೆ ಜಗ್ಗುತ್ತಿತ್ತು. ಎರಡು ಸಲ ಕೊಡವನ್ನು ಅರ್ಧದಲ್ಲೇ ಹಗ್ಗ ಬಿಟ್ಟು ಬಾವಿಗೆ ಹಾಕಿದಳು. ಪುಷ್ಪ ಅದನ್ನು ಕಂಡಳು.

"ಎಂತ ಆತ್ತ್ ಹೆಣೆ ನಿಂಗೆ?"

"ನೀರ್ ಭಾರ ಆತ್ತಮ್ಮ" ಅಂದಳು ಶ್ರೀಲತಾ. ಹೇಳಿದ ಮೇಲೆ, ಆ ಮಾತು ಯಾರದ್ದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಅವಳು ತೂಗುವುದನ್ನು ಬಿಡಲಿಲ್ಲ. ಬೇಸಗೆಯಲ್ಲಿ, ಹೊಳೆ ಕನ್ನಡಿಯಂತೆ ತಿಳಿಯಾಗಿದ್ದಾಗಲೂ ದಿನಾ ತೂಗಿದಳು. ಕಾಗದದ ಮೇಲೆ ಏನೂ ಉಳಿಯುತ್ತಿರಲಿಲ್ಲ. ಆ ಬಿಳಿ ದುಂಡುಗಳನ್ನು ಎಸೆಯಲು ಮನಸ್ಸು ಬಾರದೆ ದಿನಾಂಕ ಬರೆದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳು.

ಮರುವರ್ಷ ಜೂನ್ ಮೊದಲ ವಾರ, ಮಳೆಗೆ ಮುಂಚೆ ಕಪಾಟು ಸರಿಸಿ ಗುಡಿಸುವಾಗ ಅದರ ಹಿಂದಿನ ಗೂಡಿನಲ್ಲಿ ಮೂರು ಬಾಟಲಿಗಳು ಸಿಕ್ಕಿದವು. ದಿನಾ ಹೊಳೆ ನೀರಿನಲ್ಲಿ ಒಂದು ಲೀಟರನ್ನು ಬಾಟಲಿಗೆ ತುಂಬಿ ಮೂರು ದಿನ ಎತ್ತಿಡುವ ಪದ್ಧತಿ ಇತ್ತು. ಆ ಕೆಲಸ ಭೋಜನದೇ. ಕಳೆದ ಜುಲೈಯ ಗಲಾಟೆಯಲ್ಲಿ ಯಾರೂ ಅವನ್ನು ಚೆಲ್ಲಿರಲಿಲ್ಲ. ಬಾಟಲಿಗೆ ಸುತ್ತಿದ ಪಟ್ಟಿಯ ಮೇಲೆ ಅವನ ಓರೆ ಅಕ್ಷರದ ದಿನಾಂಕಗಳು, ಆ ಮೂರು ದಿನದವು. ನೀರು ತಿಳಿಯಾಗಿತ್ತು. ತಳದಲ್ಲಿ ಕೆಂಪು ಜೇಡಿಯ ತೆಳು ಪದರ, ಅದರಡಿಯಲ್ಲಿ ಮಿನುಗುವ ಹೊಯ್ಗೆ. ಮೊದಲನೆಯದರಲ್ಲಿ ಒಂದು ಚಿಟಿಕೆ. ಮೂರನೆಯದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ಅವಳು ಲ್ಯಾಬಿನ ಬಾಗಿಲು ಹಾಕಿಕೊಂಡು ಕೂತಳು. ಒಂದೊಂದೇ ಬಾಟಲಿಯನ್ನು ತೊಟ್ಟು ಬಿಡದ ಹಾಗೆ ಸೋಸಿದಳು. ಸೋಸುವ ಪುಟ್ಟ ಪಂಪು ನೀರನ್ನು ಕೆಳಗೆಳೆದಾಗ ಕಾಗದದ ಮೇಲೆ ಹೊಯ್ಗೆ ಸರಿದು ಕೂರುವ ಸಣ್ಣ ಸದ್ದು ಕೇಳುತ್ತಿತ್ತು. ಓವನ್ನಿನಲ್ಲಿಟ್ಟು ಕಾದಳು. ತಣಿಸಿ ತೂಗಿದಳು. ಅರವತ್ತೆಂಟೆಂದು ಬರೆದ ದಿನ ಇನ್ನೂರ ತೊಂಬತ್ತು. ಅದರ ಮರುದಿನ ಐನೂರ ಹತ್ತು. ಮೂರನೆಯ ದಿನ ಎಂಟುನೂರ ನಲವತ್ತು. ತಕ್ಕಡಿ ತಪ್ಪಿರಬಹುದೆಂದು ಕಾಗದಗಳನ್ನು ಮತ್ತೆ ಒಣಗಿಸಿ ಮತ್ತೆ ತೂಗಿದಳು. ಅಷ್ಟೇ ಬಂತು. ಮೀಟರು ಒಂದೇ ಮಾತು ಹೇಳುತ್ತಿದ್ದ ಆ ಮೂರು ದಿನವೂ ಹೊಳೆ ಕಂಬದ ಬುಡವನ್ನು ತಿನ್ನುತ್ತಿತ್ತು. ತಿಂದದ್ದನ್ನು ಭೋಜ ದಿನಾ ಬೆಳಿಗ್ಗೆ ಐದು ಲೀಟರಿನ ಕ್ಯಾನಿನಲ್ಲಿ ಅವಳ ಬಾಗಿಲಿಗೆ ತಂದಿಟ್ಟು ಹೋಗಿದ್ದ.

ಅವಳು ಮೂರೂ ಕಾಗದಗಳನ್ನು ಉಮಾನಾಥರ ಮೇಜಿನ ಮೇಲಿಟ್ಟಳು. ಅವರು ಒಂದೊಂದನ್ನೇ ಎತ್ತಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಭೋಜನ ಹೆಣ ಹುಡುಕಲು ಮೂರು ದಿನವೂ ದೋಣಿಯಲ್ಲಿ ಕೂತು ಹೋದವರು.

"ವರ್ಷ ಹಳೇ ನೀರು ಶ್ರೀಲತಾ. ಇದನ್ನ ಯಾರು ಒಪ್ಪುತ್ತಾರೆ?"

"ಬಾಟ್ಲಿ ಒಳ್ಗ್ ಹೊಯ್ಗಿ ಹುಟ್ಟುದಿಲ್ಲೆ ಸರ್."

"ನೀವು ಆಗ ತೂಗಿದ್ದೇನೆ ಅಂದಿದ್ದೀರಿ."

"ಸುಳ್ಳ್ ಹೇಳಿದ್ದೆ."

ಉಮಾನಾಥ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಮಳೆಗಾಲ ಒಂದು ಕಳೀಲಿ. ಹೊಸ ಕಂಬ ಹಾಕಿ ಆಗಿದೆ. ಈಗ ಇದನ್ನ ಎತ್ತಿದರೆ ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ, ಹೋದ ಜೀವ ಬರುವುದಿಲ್ಲ. ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಭಾನುವಾರ ಸ್ಕೂಟಿ ಹತ್ತಿ ಭೋಜನ ಮನೆಗೆ ಹೋದಳು.

ಮನೆ ಹೊಳೆಯಿಂದ ಎರಡು ಗದ್ದೆ ಆಚೆ. ಭೋಜನ ಹೆಂಡತಿ ವನಜ ಅಂಗಳದಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆಯ ಹಿಡಿಕಡ್ಡಿ ಸೀಳುತ್ತಿದ್ದಳು. ಐವತ್ತು ದಾಟಿದ, ಗಟ್ಟಿ ಕೈಗಳ ಹೆಂಗಸು. ಭೋಜನ ಉತ್ತರಕ್ರಿಯೆಗೆ, ಬೊಜ್ಜದ ದಿನ ಬಂದು ಹೋದ ಮೇಲೆ ಶ್ರೀಲತಾ ಅತ್ತ ತಲೆ ಹಾಕಿರಲಿಲ್ಲ.

"ಬನ್ನಿ ಮೇಡಂ. ಕೂಕಣಿ" ಎಂದು ವನಜ ಮಣೆ ಸರಿಸಿದಳು.

ಶ್ರೀಲತಾ ಕೂತಳು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಮರೆತು ಹೋಗಿತ್ತು. ಮೊದಲಿನಿಂದ ಹೇಳಿದಳು: ಮೀಟರು, ತೂಕ, ಗೋಡೆಯ ಗೆರೆ, ಆಸ್ಪತ್ರೆ, ಭೋಜ ಹೇಳಿದ ಮಾತು, ತಾನು ನಕ್ಕದ್ದು, ಅಧಿಕಾರಿಯ ಎದುರು ಹೌದು ಅಂದದ್ದು, ಮೂರು ಬಾಟಲಿ. ವನಜ ಕಡ್ಡಿ ಸೀಳುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೂ ನಾಲ್ಕೈದು ಗರಿ ಸೀಳಿದಳು. ಆಮೇಲೆ ಕತ್ತಿಯನ್ನು ಕೆಳಗಿಟ್ಟಳು.

"ನಂಗೂ ಹೇಳಿದ್ರ್" ಅಂದಳು.

"ಎಂತದ್ದ್?"

"ಅದೇ. ನೀರ್ ಭಾರ ಇತ್ತ್ ಅಂತ. ಊಟಕ್ ಕೂತಾಗ. ನಾನೂ ನೆಗ್ಯಾಡ್ದೆ. ಪ್ರಾಯ ಆಯ್ತ್ ನಿಮ್ಗ್, ಕೆಲ್ಸ ಬಿಟ್ಟ್ ಮನಿಲ್ ಕೂಕಣಿ ಅಂದೆ." ಸೀಳಿದ ಕಡ್ಡಿಗಳನ್ನು ಒಟ್ಟು ಮಾಡುತ್ತಾ ಹೇಳಿದಳು, "ಒಂದ್ ವರ್ಷ ಆಯ್ತ್. ಆ ಮಾತ್ ಯಾರಿಗೂ ಹೇಳ್ಲಿಲ್ಲ ನಾನ್. ದಿನಾ ಉಂಬೂಕ್ ಕೂತಾಗ ಅವ್ರ್ ಎದ್ರಿಗೇ ಕೂತಂಗ್ ಆತ್ತ್. ಮತ್ತೊಂದ್ಸಲ ಹೇಳ್ತ್ರಾ ಅಂತ ಕಾಂತಾ ಕೂರ್ತೆ. ಹೇಳುದಿಲ್ಲೆ."

ಒಳಗೆ ಒಲೆಯ ಮೇಲೆ ಗಂಜಿ ಉಕ್ಕಿ ಚುಯ್ ಎಂದದ್ದು ಕೇಳಿತು. ವನಜ ಏಳಲಿಲ್ಲ.

"ಅವ್ರ್ ಸೊಕ್ಕಂಗೆ ಸಂಕದ್ ಮೇಲ್ ಹೋಯಿ ಸತ್ತ್ರ್ ಅಂತ ಬರ್ದಿರ್ ಅಲ್ದಾ" ಅಂದಳು. "ಊರ್ ಎಲ್ಲ ಅದನ್ನೇ ಹೇಳತ್ತ್. ಹೊಳಿ ಗೊತ್ತಿಪ್ಪ ಮನ್ಷ, ಅವ್ನಿಗ್ಯಾಕೆ ಬೇಕಿತ್ತ್ ಅಂತ. ಅದ್ ಮಾತ್ರ ಸುಳ್ಳ್ ಮೇಡಂ. ಹೊಳಿ ಗೊತ್ತಿದ್ದದ್ದ್ ಅವ್ರಿಗೊಬ್ರಿಗೇ."

"ನಾ ಬರ್ದ್ ಕೊಡ್ತೆ ವನಜಕ್ಕ."

"ನಿಮ್ ಕೆಲ್ಸ?"

"ಗೊತ್ತಿಲ್ಲೆ."

ಬೇಡವೆಂದೂ ವನಜ ಹೇಳಲಿಲ್ಲ, ಬರೆಯಿರಿ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಗಂಜಿ ಇಳಿಸಿ ಬಂದು, ಮತ್ತೆ ಕತ್ತಿ ಎತ್ತಿಕೊಂಡಳು. ಶ್ರೀಲತಾ ಸೋಮವಾರ ಎರಡು ಪುಟ ಬರೆದು, ಬಾಟಲಿಗಳ ಫೋಟೊ ಲಗತ್ತಿಸಿ ಮೇಲಿನ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಪ್ರತಿಯೊಂದನ್ನು ಉಮಾನಾಥರ ಮೇಜಿನ ಮೇಲಿಟ್ಟಳು. ಅವರು ಅದನ್ನು ಓದಿ, ಮಡಚಿ, ಡ್ರಾಯರಿಗೆ ಹಾಕಿದರು. ಆ ವಾರವಿಡೀ ಅವಳ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ.

ಕಚೇರಿಯಿಂದ ಉತ್ತರ ಬರುವ ಮೊದಲೇ ಮಳೆ ಬಂತು.

ಜುಲೈ ಎರಡನೆಯ ವಾರದ ಒಂದು ಬೆಳಿಗ್ಗೆ, ಮೆಟ್ಟಿಲ ಮೇಲೆ ಸದ್ದಾಯಿತು. ಅವಳು ಎಂದಿನಂತೆ ಹೋಗಿ ನೋಡಿದಳು, ಒದ್ದೆ ಇತ್ತು, ಒಳಗೆ ಬಂದಳು. ಹಿಂದೆಯೇ ಮತ್ತೊಮ್ಮೆ ಸದ್ದಾಯಿತು. ಯಾವತ್ತೂ ಹಾಗೆ ಎರಡು ಸಲ ಆದದ್ದಿಲ್ಲ. ಈ ಸಲ ಬಂದವನು ದೇವುವೇ. ಕ್ಯಾನು ಇಟ್ಟು ಬಲಗೈಯನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಿದ್ದ.

"ಎಂತ ಆಯ್ತ್ ದೇವಣ್ಣ?"

"ಎಂತ ಇಲ್ಲೆ. ಹಗ್ಗ ಎಳುವತಿಗ್ ಕೈ ಜಗ್ತ್."

ಶ್ರೀಲತಾ ಮೆಟ್ಟಿಲ ಮೇಲೆ ಮೊಣಕಾಲೂರಿ, ಕ್ಯಾನನ್ನು ಒಮ್ಮೆ ಅಲುಗಾಡಿಸಿ, ಅದಕ್ಕೆ ಕಿವಿ ಹಚ್ಚಿದಳು. ಪ್ಲಾಸ್ಟಿಕ್ ತಣ್ಣಗಿತ್ತು. ನೀರು ತಿರುಗುವ ಸದ್ದಿನ ಅಡಿಯಲ್ಲಿ, ಮೊರದಲ್ಲಿ ಅಕ್ಕಿ ಜಾರುವಂಥ, ಬಹಳ ಸಣ್ಣ ಇನ್ನೊಂದು ಸದ್ದು ಇತ್ತು. ಅದು ನಿಂತ ಮೇಲೂ ಅವಳು ಕಿವಿ ತೆಗೆಯಲಿಲ್ಲ. ಯಾರೋ ತನ್ನ ಬೆನ್ನ ಹಿಂದೆ ಬಗ್ಗಿ, ತನ್ನ ಜೊತೆಗೇ ಕೇಳುತ್ತಿದ್ದಾರೆ ಎನಿಸಿತು. ದೇವು ಎದುರಿಗೆ ನಿಂತಿದ್ದ. ಅವಳು ಹಿಂದೆ ನೋಡಲಿಲ್ಲ.

"ಇನ್ ಯಾರೂ ಸಂಕದ್ ಮೇಲ್ ಹೋಪುಕಾಗ" ಎಂದು ದೇವುವಿಗೆ ಹೇಳಿದಳು. "ನೀವ್ ಗೇಟ್ ಹತ್ರ ನಿಂತ್ಕಣಿ. ಯಾರನ್ನೂ ಬಿಡ್ಬೇಡಿ."

ಮೀಟರು ಎಪ್ಪತ್ತು ತೋರಿಸಿತು. ಗೆರೆಯ ಪ್ರಕಾರ ತೂಕ ಎಪ್ಪತ್ತೇಳಾಗಬೇಕು. ಕ್ಯಾನನ್ನು ಚೆನ್ನಾಗಿ ಕುಲುಕಿ ಒಂದು ಲೀಟರ್ ತೆಗೆದು ಸೋಸಿದಳು. ಒಣಗಿಸಿ ತೂಗಿದಾಗ ನಾನೂರ ಮೂವತ್ತು. ಹತ್ತೂವರೆಗೆ ಕಾಗದ ಹಿಡಿದು ಉಮಾನಾಥರ ಕೋಣೆಗೆ ಹೋದಳು.

"ಪಂಪ್ ನಿಲ್ಸಿ ಸರ್. ಅಡಿ ಕಾಂಬುಕೆ ಜನ ಕರ್ಸಿ."

"ಹದಿನಾರು ಊರಿಗೆ ನೀರಿಲ್ಲ ಅಂತಾಗುತ್ತೆ. ಕಂಬ ಹಾಕಿ ಎಂಟು ತಿಂಗಳು ಆಗಿಲ್ಲ, ಶ್ರೀಲತಾ."

"ಗೊತ್ತಿತ್ತ್ ಸರ್."

ಉಮಾನಾಥ ಕಾಗದದ ಮೇಲಿನ ಹೊಯ್ಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎರಡು ಬೆರಳ ನಡುವೆ ಉಜ್ಜಿದರು. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ಕಾಲುಸೇತುವೆಯ ಕಡೆ ನೋಡುತ್ತಾ ನಿಂತರು. ಗೇಟಿಗೆ ಬೆನ್ನು ಕೊಟ್ಟು ದೇವು ಮಳೆಯಲ್ಲೇ ನಿಂತಿದ್ದ. ಉಮಾನಾಥ ಫೋನು ಎತ್ತಿಕೊಂಡು ಪಂಪು ನಿಲ್ಲಿಸಲು ಹೇಳಿದರು.

ಮುಳುಗಿ ನೋಡಬಲ್ಲವರು ಬಂದು ಇಳಿಯಲು ಎರಡು ದಿನ ಬೇಕಾಯಿತು. ಅಷ್ಟೂ ದಿನ ಟ್ಯಾಂಕರಿನಲ್ಲಿ ನೀರು ಹೋಯಿತು, ಊರಿನವರು ಕಚೇರಿಗೆ ಬಂದು ಕೂಗಾಡಿ ಹೋದರು. ಮೇಲೆ ಬಂದ ಮುಳುಗುಗಾರ ದಂಡೆಯಲ್ಲಿ ಕೂತು ಉಸಿರು ತಿರುಗಿಸಿಕೊಳ್ಳುತ್ತಾ ಹೇಳಿದ: ಎರಡನೆಯ ಕಂಬದ ಬುಡದಲ್ಲಿ ಒಬ್ಬ ಆಳು ಕೂರುವಷ್ಟು ಪೊಳ್ಳಾಗಿದೆ. ಹೊಸ ಕಂಬ ನೆಟ್ಟ ಮೇಲೆ ಹೊಳೆ ಅದನ್ನು ಬಿಟ್ಟು ಪಕ್ಕದ್ದಕ್ಕೆ ತಿರುಗಿದೆ.

ಕಲ್ಲು ತುಂಬಿದ ಬಲೆಗಳನ್ನು ಬುಡಕ್ಕೆ ಇಳಿಸಿ ಪೊಳ್ಳು ಮುಚ್ಚಿದರು. ಆ ಮಳೆಗಾಲದಲ್ಲಿ ಯಾರೂ ಹೊಳೆಗೆ ಬೀಳಲಿಲ್ಲ. ಉಮಾನಾಥ ಡ್ರಾಯರಿನಲ್ಲಿದ್ದ ಪ್ರತಿಯನ್ನು ತೆಗೆದು, ಅದಕ್ಕೆ ತಮ್ಮದೊಂದು ಪುಟ ಸೇರಿಸಿ ಸಹಿ ಹಾಕಿ ಮೇಲಿನ ಕಚೇರಿಗೆ ಕಳಿಸಿದರು. ಅದನ್ನು ಅವರು ಶ್ರೀಲತಾಳಿಗೆ ಹೇಳಲಿಲ್ಲ; ಅವಳಿಗೆ ಅದು ಗೊತ್ತಾದದ್ದು ಗುಮಾಸ್ತನಿಂದ.

ಮೆಟ್ಟಿಲ ಸದ್ದು ನಿಲ್ಲುತ್ತದೆಂದು ಅವಳು ಎಣಿಸಿದ್ದಳು. ನಿಲ್ಲಲಿಲ್ಲ. ಆದರೆ ಅದರ ಹಿಂದೆ ದನಿಗಾಗಿ ಕಾಯುವುದು ಅವಳಲ್ಲಿ ನಿಧಾನಕ್ಕೆ ಕಡಿಮೆಯಾಯಿತು. ಬಾಗಿಲ ತನಕ ಹೋಗುತ್ತಿದ್ದಳು, ಒದ್ದೆ ಕಲ್ಲನ್ನು ನೋಡುತ್ತಿದ್ದಳು, ಒಳಗೆ ಬಂದು ಕೆಲಸ ಹಿಡಿಯುತ್ತಿದ್ದಳು. ನೀರು ಮಾತ್ರ ಕೈಗೆ ಈಗಲೂ ಕೆಲವು ದಿನ ಭಾರವಾಗುತ್ತಿತ್ತು.

ಕಚೇರಿಯ ತೀರ್ಮಾನ ಬಂದದ್ದು ಮರುವರ್ಷ ಫೆಬ್ರವರಿಯಲ್ಲಿ. ಅದರ ಪ್ರತಿ ವನಜಳ ಮನೆಗೂ ಅಂಚೆಯಲ್ಲಿ ಹೋಗಿತ್ತು. ಒಂದು ಭಾನುವಾರ ಮಧ್ಯಾಹ್ನ ವನಜ ಎರಡು ಬಸ್ಸು ಬದಲಿಸಿ ಮರವಂತೆಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಪುಷ್ಪ ಕೊಟ್ಟ ಬೆಲ್ಲ ನೀರು ಕುಡಿದು, ಚೀಲದಿಂದ ಲಕೋಟೆ ತೆಗೆದಳು.

"ಸರ್ಕಾರಿ ಕಾಗ್ದ. ನಂಗ್ ಓದೂಕೆ ಬತ್ತಿಲ್ಲೆ ಅಂತಲ್ಲ, ಅರ್ಥ ಆತಿಲ್ಲೆ. ನೀನೇ ಓದ್ ಹೆಣೆ" ಅಂದಳು.

ಆವರೆಗೆ ಅವಳು ಶ್ರೀಲತಾಳನ್ನು ಮೇಡಂ ಎಂದೇ ಕರೆಯುತ್ತಿದ್ದಳು.

ಶ್ರೀಲತಾ ಜಗಲಿಯಲ್ಲಿ ಕೂತು ಓದಿದಳು. ಹೆದ್ದಾರಿಯ ಲಾರಿಗಳು ಹೋಗುವಾಗ ಓದು ನಿಲ್ಲಿಸಬೇಕಾಗುತ್ತಿತ್ತು. ಮೊದಲ ವರದಿಯಲ್ಲಿ ಮೃತನ ಅಜಾಗರೂಕತೆ ಎಂದಿದ್ದ ಸಾಲನ್ನು ತೆಗೆದುಹಾಕಲಾಗಿದೆ. ಮೃತನು ನೀರಿನಲ್ಲಾದ ಬದಲಾವಣೆಯನ್ನು ಮೂರು ದಿನ ಮುಂಚಿತವಾಗಿ ಬಾಯ್ಮಾತಿನಲ್ಲಿ ತಿಳಿಸಿದ್ದನೆಂದು ದಾಖಲಿಸಲಾಗಿದೆ. ಅವಳು ಮುಂದಿನ ಸಾಲು ಓದಿದಳು. ತೂಕದ ಪರೀಕ್ಷೆಯನ್ನು ಮಾಡದೆ ಅಂದಾಜಿನ ಅಂಕಿಗಳನ್ನು ದಾಖಲಿಸಿದ್ದು, ಹಾಗೂ ತನಿಖೆಯಲ್ಲಿ ತಪ್ಪು ಹೇಳಿಕೆ ನೀಡಿದ್ದು ಕೆಮಿಸ್ಟ್ ಶ್ರೀಲತಾ ಇವರ ಗಂಭೀರ ಲೋಪ.

"ಅದ್ ನಿನ್ ಹೆಸ್ರಲ್ದಾ?" ಎಂದು ವನಜ ಕೇಳಿದಳು.

"ಹೌದ್."

ಬಾಗಿಲ ಹತ್ತಿರ ನಿಂತಿದ್ದ ಪುಷ್ಪ ಸೆರಗಿನ ತುದಿ ಹಿಡಿದುಕೊಂಡಳು. ವನಜ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಮೇಲೆ ಎಲ್ಲಿ ತನ್ನ ಗಂಡನ ಹೆಸರಿದೆ ಎಂದು ಕೇಳಿ, ಶ್ರೀಲತಾ ತೋರಿಸಿದಲ್ಲಿ ಬೆರಳಿಟ್ಟಳು. ಬೆರಳು ತೆಗೆಯದೆ ಹೇಳಿದಳು:

"ಇನ್ನೊಂದ್ಸಲ ಓದ್. ಮೊದ್ಲಿಂದ."

ಶ್ರೀಲತಾ ಮೊದಲಿನಿಂದ ಓದಿದಳು.